ಶೇರ್ ಫೋಲ್ಡರ್ ತೆರೆಯುತ್ತದೆ, ಸೇವ್ ಮಾತ್ರ ಆಗುವುದಿಲ್ಲ

ಫೋಲ್ಡರ್ ಕಾಣುತ್ತದೆ, ಫೈಲ್ ತೆರೆಯುತ್ತದೆ, ಸೇವ್ ಒತ್ತಿದರೆ ‘ಆಕ್ಸೆಸ್ ಡಿನೈಡ್’. ಉಬುಂಟು ಸರ್ವರ್‌ನಲ್ಲಿ ಸಾಂಬಾ (ಫೋಲ್ಡರ್‌ಗಳನ್ನು ನೆಟ್‌ವರ್ಕ್‌ನಲ್ಲಿ ಹಂಚಿಕೊಡುವ ತಂತ್ರಾಂಶ) ಹಾಕಿಕೊಂಡು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರನ್ನೂ ಜೋಡಿಸಿರುವ ಕಚೇರಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಓದಲು ಬರುತ್ತಿದೆ ಎಂದಮೇಲೆ ಕೇಬಲ್, ಫೈರ್‌ವಾಲ್ ಎಲ್ಲ ಸರಿಯಾಗಿವೆ, ಅವುಗಳನ್ನು ಕೆದಕಬೇಡಿ. ನೋಡಬೇಕಾದ್ದು ಅನುಮತಿಯನ್ನು. ಅದು ಎರಡು ಕಡೆ ಇರುತ್ತದೆ: ಶೇರ್‌ನಲ್ಲಿ ಒಂದು, ಡಿಸ್ಕ್‌ನಲ್ಲಿರುವ ಫೋಲ್ಡರ್ ಮೇಲೆ ಇನ್ನೊಂದು. ಎರಡರಲ್ಲಿ ಬಿಗಿಯಾಗಿರುವುದೇ ನಡೆಯುತ್ತದೆ.

ಮೊದಲು ಸರ್ವರ್‌ನಲ್ಲಿ ‘ಎಸ್‌ಎಂಬಿಸ್ಟೇಟಸ್’ ಆಜ್ಞೆ ಕೊಟ್ಟು, ಬಂದಿರುವವರು ಯಾರ ಹೆಸರಿನಲ್ಲಿ ಬಂದಿದ್ದಾರೆ ನೋಡಿ. ‘ನೋಬಡಿ’ (ಗೆಸ್ಟ್ ಆಗಿ ಬಂದವರಿಗೆ ಸಾಂಬಾ ಕೊಡುವ ಹೆಸರು) ಎಂದಿದ್ದರೆ ಅರ್ಧ ಉತ್ತರ ಸಿಕ್ಕಿತು. ಉಬುಂಟುವಿನ ಸಾಂಬಾದಲ್ಲಿ ‘ಮ್ಯಾಪ್ ಟು ಗೆಸ್ಟ್ = ಬ್ಯಾಡ್ ಯೂಸರ್’ ಮೊದಲೇ ಇರುತ್ತದೆ. ಶೇರ್‌ಗೆ ಗೆಸ್ಟ್ ಬಿಟ್ಟಿದ್ದರೆ, ಗೊತ್ತಿಲ್ಲದ ಯೂಸರ್ ಹೆಸರನ್ನು ಅದು ತಿರಸ್ಕರಿಸುವುದಿಲ್ಲ, ಸದ್ದಿಲ್ಲದೆ ಗೆಸ್ಟ್ ಮಾಡಿ ಒಳಗೆ ಬಿಡುತ್ತದೆ. ಓದಲು ಬರುವುದು, ಬರೆಯಲು ಬಾರದಿರುವುದು ಇದರಿಂದಲೇ. ಲಿನಕ್ಸ್‌ನಲ್ಲಿ ಯೂಸರ್ ಇದ್ದರೆ ಸಾಲದು, ಸಾಂಬಾದ ಪಾಸ್‌ವರ್ಡ್ ಬೇರೆ. ‘ಎಸ್‌ಎಂಬಿಪಾಸ್‌ಡಬ್ಲ್ಯೂಡಿ’ (smbpasswd) ಆಜ್ಞೆಯ ‘-ಎ’ ಆಯ್ಕೆಯಿಂದ ಪ್ರತಿಯೊಬ್ಬರನ್ನೂ ಸೇರಿಸಬೇಕು.

ಸಾಂಬಾದ ಸೆಟ್ಟಿಂಗ್ ಫೈಲಿನಲ್ಲಿ (smb.conf) ಶೇರ್‌ನ ಭಾಗದಲ್ಲಿ ‘ರೀಡ್ ಓನ್ಲಿ = ನೋ’ ಇರಲೇಬೇಕು; ಏನೂ ಬರೆಯದಿದ್ದರೆ ಅದು ‘ಯೆಸ್’ ಎಂದೇ ಲೆಕ್ಕ. ಫೋಲ್ಡರ್‌ಗೆ ಒಂದು ಗ್ರೂಪ್ ಮಾಡಿ, ಎಲ್ಲರನ್ನೂ ಅದಕ್ಕೆ ಸೇರಿಸಿ, ಫೋಲ್ಡರ್‌ನ ಗ್ರೂಪ್ ಬದಲಿಸಿ, ಅನುಮತಿ 2775 ಕೊಡಿ (ಒಡೆಯರೂ ಗ್ರೂಪಿನವರೂ ಬರೆಯಬಹುದು, ಉಳಿದವರು ಓದಬಹುದು ಅಷ್ಟೆ). ಮೊದಲ ಅಂಕಿ 2 ಇದ್ದರೆ ಒಳಗೆ ಹುಟ್ಟುವ ಫೈಲ್‌ಗಳೂ ಅದೇ ಗ್ರೂಪಿಗೆ ಸೇರುತ್ತವೆ.

ಇಲ್ಲಿ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಅದರಿಂದ ಇಂದಿನ ದೂರು ನಿಲ್ಲುತ್ತದೆ, ನಾಳೆ ಹೊಸದು ಬರುತ್ತದೆ. ಕಾರಣ, ಹೊಸ ಫೈಲಿಗೆ ಎಷ್ಟು ಅನುಮತಿ ಎಂದು ಹೇಳುವ ಸಾಂಬಾದ ‘ಕ್ರಿಯೇಟ್ ಮಾಸ್ಕ್’ ಮೂಲತಃ 0744, ಹೊಸ ಫೋಲ್ಡರ್‌ಗೆ ಹೇಳುವ ‘ಡೈರೆಕ್ಟರಿ ಮಾಸ್ಕ್’ 0755; ಎರಡರಲ್ಲೂ ಬರೆಯುವ ಅನುಮತಿ ಮಾಡಿದವರಿಗೆ ಮಾತ್ರ. ಉದಾಹರಣೆಗೆ, ಸವಿತಾ ಮಾಡಿದ ಎಕ್ಸೆಲ್ ಫೈಲ್ ರಮೇಶನಿಗೆ ‘ರೀಡ್ ಓನ್ಲಿ’ಯಾಗಿಯೇ ತೆರೆಯುತ್ತದೆ, ಅವಳು ಮಾಡಿದ ಉಪಫೋಲ್ಡರ್‌ನಲ್ಲಿ ಅವನು ಏನನ್ನೂ ಹಾಕಲಾರ. ಇವೆರಡನ್ನೂ 0664 ಮತ್ತು 2775 ಮಾಡಿ. ಹಳೆಯ ಫೈಲ್‌ಗಳು ತಾವಾಗಿ ಬದಲಾಗುವುದಿಲ್ಲ, ಅವುಗಳ ಅನುಮತಿಯನ್ನು ಒಮ್ಮೆ ಕೈಯಾರೆ ಸರಿಪಡಿಸಬೇಕು. ಇನ್ನೊಂದು ವಿಷಯ: ಎಕ್ಸೆಲ್ ಸೇವ್ ಮಾಡುವಾಗ ತಾತ್ಕಾಲಿಕ ಫೈಲ್ ಬರೆದು, ಆಮೇಲೆ ಹೆಸರು ಬದಲಿಸುತ್ತದೆ. ಹಾಗಾಗಿ ಫೈಲ್ ಮೇಲೆ ಮಾತ್ರ ಅನುಮತಿ ಇದ್ದು ಫೋಲ್ಡರ್ ಮೇಲೆ ಇಲ್ಲದಿದ್ದರೆ ಸೇವ್ ಆಗುವುದಿಲ್ಲ.

ಸರ್ವರ್ ಸರಿಮಾಡಿದರೂ ವಿಂಡೋಸ್ ಹಳೆಯ ಲಾಗಿನ್ನನ್ನೇ ಹಿಡಿದುಕೊಂಡಿರುತ್ತದೆ. ಬೇರೆ ಹೆಸರಿನಲ್ಲಿ ಹೋದರೆ 1219 ಎಂಬ ದೋಷ ಬರುವುದು ಇದಕ್ಕೇ: ಒಂದೇ ಸರ್ವರ್‌ಗೆ ಎರಡು ಹೆಸರಿನಲ್ಲಿ ಒಟ್ಟಿಗೆ ಹೋಗಲು ಅದು ಬಿಡುವುದಿಲ್ಲ. ‘ನೆಟ್ ಯೂಸ್ * /ಡಿಲೀಟ್’ ಕೊಟ್ಟು, ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿರುವ ಹಳೆಯ ಪಾಸ್‌ವರ್ಡ್ ಅಳಿಸಿ ಮತ್ತೆ ಜೋಡಿಸಿ. ವಿಂಡೋಸ್ ಕಂಪ್ಯೂಟರೇ ಸರ್ವರ್ ಆಗಿದ್ದರೆ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಟ್ಯಾಬ್ ನೋಡಬೇಕು.

ಲಿನಕ್ಸ್ ಕಂಪ್ಯೂಟರ್‌ನಿಂದ ಶೇರನ್ನು ಸಿಐಎಫ್‌ಎಸ್ ಮೂಲಕ ಮೌಂಟ್ ಮಾಡುವಾಗ (ಫೋಲ್ಡರ್‌ನಂತೆ ಜೋಡಿಸುವಾಗ) ‘ಯುಐಡಿ=1000, ಜಿಐಡಿ=1000’ ಎಂದು ನಿಮ್ಮ ಯೂಸರ್, ಗ್ರೂಪ್ ಸಂಖ್ಯೆ ಕೊಡಿ. ಬಿಟ್ಟರೆ ಎಲ್ಲವೂ ರೂಟ್ (ಆಡಳಿತದ ಖಾತೆ) ಹೆಸರಿನದಾಗಿ ಕಾಣುತ್ತದೆ, ಸೂಡೋ ಇಲ್ಲದೆ ಬರೆಯಲಾಗುವುದಿಲ್ಲ. ಸರ್ವರ್‌ಗೆ ಹಾಕಿರುವುದು ವಿಂಡೋಸ್‌ನಿಂದ ಕಿತ್ತು ತಂದ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಡಿಸ್ಕ್ ಆಗಿದ್ದರೆ, ಬೇಗ ಶುರುವಾಗಲೆಂದು ವಿಂಡೋಸನ್ನು ಪೂರ್ತಿ ಆಫ್ ಮಾಡದೆ ಬಿಡುವ ‘ಫಾಸ್ಟ್ ಸ್ಟಾರ್ಟಪ್’ ಮೇಲೂ ಅನುಮಾನವಿರಲಿ. ವಿಂಡೋಸ್ ಪೂರ್ತಿ ಆಫ್ ಆಗದೆ ಬಿಟ್ಟ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ಮೌಂಟ್ ಮಾಡಬಹುದು. ಆಗ ಸಾಂಬಾದಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ. ಡಿಸ್ಕನ್ನು ಮತ್ತೆ ವಿಂಡೋಸ್‌ಗೆ ಹಾಕಿ, ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ ತೆಗೆಯಿರಿ.