ಅರವತ್ತು ಲಕ್ಷದ ಕಾರಿಗೆ ಬರೀ 1500 ಸಿಸಿ ಎಂಜಿನ್ನಾ?

ಓದುಗರ ಪ್ರಶ್ನೆ: "ಸರ್, ನಮಸ್ತೆ. ಬಿಎಂಡಬ್ಲ್ಯು 3 ಸೀರೀಸ್ ಲಾಂಗ್ ವೀಲ್‌ಬೇಸ್ ಮತ್ತು ಮರ್ಸಿಡಿಸ್ ಸಿ ಕ್ಲಾಸ್, ಎರಡರಲ್ಲಿ ಒಂದನ್ನು ತಗೋಬೇಕು ಅಂತಿದ್ದೀವಿ. ಮನೆಯವರಿಗೆ ಸಿ ಕ್ಲಾಸ್ ಇಷ್ಟ. ಆದರೆ ಅದರ ಪೆಟ್ರೋಲ್ ಮಾಡೆಲ್ ಸಿ 200ರಲ್ಲಿ ಇರೋದು ಬರೀ 1500 ಸಿಸಿ ಎಂಜಿನ್ ಅಂತೆ. ಈಗ ನಮ್ಮ ಹತ್ತಿರ ಇರೋ ಹೋಂಡಾ ಸಿಟಿಯದ್ದೂ ಅಷ್ಟೇ. ಅಷ್ಟು ದುಡ್ಡು ಕೊಟ್ಟು ಮತ್ತೆ ಅದೇ 1500 ಸಿಸಿ ತಗೊಳ್ಳೋದಾ? ಊರು ಪುತ್ತೂರು. ಘಾಟಿ ಹತ್ತುತ್ತಾ?"

ಹತ್ತುತ್ತೆ. ನಾಲ್ಕು ಜನ ಕೂತು, ಡಿಕ್ಕಿ ತುಂಬ ಸಾಮಾನು ಹಾಕಿ, ಎಸಿ ಹಾಕಿಕೊಂಡು ಶಿರಾಡಿ ಘಾಟಿ ಹತ್ತುತ್ತೆ. ಮುಂದೆ ಹೋಗುವ ಲಾರಿಯನ್ನೂ ಆರಾಮವಾಗಿ ದಾಟುತ್ತೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆಯನ್ನು ನನಗೆ ಕೇಳದ ತಿಂಗಳೇ ಇಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಕೇಳಿದ್ದಾರೆ. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕಾಯುವಾಗ ಕೇಳಿದ್ದಾರೆ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಭಾಗದಲ್ಲಿ ನಾನೇ ಪಾಠ ಮಾಡಿದ ಹುಡುಗರು, ಈಗ ಒಳ್ಳೆಯ ಕೆಲಸದಲ್ಲಿದ್ದು ಇಂಥ ಕಾರು ಕೊಳ್ಳುವಷ್ಟಾದವರು, ಅವರೂ ಕೇಳುತ್ತಾರೆ. ಆಗ ಮಾತ್ರ ನನಗೆ ನಿಜವಾಗಿ ಬೇಸರವಾಗುತ್ತದೆ. ಎಲ್ಲರ ಬಾಯಲ್ಲೂ ಅದೇ ಮಾತು: "ಬರೀ 1500". ಇವತ್ತು ಇದನ್ನು ಬುಡದಿಂದಲೇ ಬಿಡಿಸಿ ಹೇಳಿಬಿಡುತ್ತೇನೆ.

ಸಿಸಿ ಅಂದರೆ ಸಿಲಿಂಡರ್‌ಗಳ ಒಳಗೆ ಪಿಸ್ಟನ್ ಓಡಾಡುವ ಜಾಗದ ಅಳತೆ. ಅದು ಪಾತ್ರೆಯ ಗಾತ್ರ. ಆ ಪಾತ್ರೆಯಲ್ಲಿ ಎಷ್ಟು ಬೇಯಿಸುತ್ತೀರಿ ಅನ್ನುವುದನ್ನು ಅದು ಹೇಳುವುದಿಲ್ಲ.

ಮೂರು ಎಂಜಿನ್ ತಗೊಳ್ಳಿ. ನಮ್ಮ ಹಳೇ ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ 1489 ಸಿಸಿ. ನಿಮ್ಮ ಮನೆಯ ಹೋಂಡಾ ಸಿಟಿ 1498 ಸಿಸಿ. ಸಿ 200ರದ್ದು 1496 ಸಿಸಿ. ಅಳತೆಯಲ್ಲಿ ಮೂರೂ ಅಣ್ಣತಮ್ಮಂದಿರು. ಈಗ ಶಕ್ತಿ ನೋಡಿ. ಅಂಬಾಸಿಡರ್ ಕೊಡುತ್ತಿದ್ದದ್ದು 50 ಎಚ್‌ಪಿ (ಅಶ್ವಶಕ್ತಿ) ಆಸುಪಾಸು. ಸಿಟಿ ಕೊಡುವುದು 121. ಸಿ 200 ಕೊಡುವುದು 204. ಸಿಸಿಯೇ ಎಲ್ಲ ಅನ್ನುವುದಾದರೆ ಈ ಮೂರು ಕಾರು ಘಾಟಿಯಲ್ಲಿ ಒಟ್ಟೊಟ್ಟಿಗೆ ಹೋಗಬೇಕಿತ್ತು, ಅಲ್ವಾ?

ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಗಾಳಿಯಿಂದ. ಪೆಟ್ರೋಲ್ ಉರಿಯಲು ಗಾಳಿ ಬೇಕು. ಎಷ್ಟು ಗಾಳಿ ಒಳಗೆ ಹೋಗುತ್ತದೋ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಉರಿಯುತ್ತದೆ, ಅಷ್ಟೇ ಶಕ್ತಿ ಸಿಗುತ್ತದೆ. ಕಮ್ಮಾರನ ಕುಲುಮೆ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗುಂಡಿ ಅದೇ, ಇದ್ದಿಲು ಅದೇ. ತಿದಿ ಒತ್ತಿದ ಕೂಡಲೇ ಕಬ್ಬಿಣ ಕೆಂಪಗಾಗುತ್ತದೆ. ಟರ್ಬೊ ಅನ್ನುವುದು ಎಂಜಿನ್ನಿನ ತಿದಿ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಸೇರಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣ್ಣಗೆ ಮಾಡಲು ಮಧ್ಯೆ ಇಂಟರ್‌ಕೂಲರ್ ಇರುತ್ತದೆ. ತಣ್ಣನೆಯ ಗಾಳಿ ಅದೇ ಜಾಗದಲ್ಲಿ ಇನ್ನೂ ಜಾಸ್ತಿ ಹಿಡಿಸುತ್ತದೆ. ನಿಮ್ಮ ಸಿಟಿಯಲ್ಲಿ ಈ ತಿದಿ ಇಲ್ಲ. ಪಿಸ್ಟನ್ ಕೆಳಗಿಳಿದಾಗ ತಾನಾಗಿ ನುಗ್ಗುವ ಗಾಳಿಯಷ್ಟೇ ಅದಕ್ಕೆ ಗತಿ.

ಇನ್ನೂ ಅನುಮಾನ ಇದ್ದವರಿಗೆ ಬಿಎಂಡಬ್ಲ್ಯುವಿನಿಂದಲೇ ಒಂದು ಸಾಕ್ಷಿ. ವಿದೇಶಗಳಲ್ಲಿ ಮಾರುವ ಈ ತಲೆಮಾರಿನ 3 ಸೀರೀಸ್‌ನ 320ಐ ಮತ್ತು 330ಐ ಕಾರುಗಳ ಎಂಜಿನ್ ಎರಡೂ 1998 ಸಿಸಿ. ಒಂದು 184 ಎಚ್‌ಪಿ, ಇನ್ನೊಂದು 258. ಸಿಸಿಯಲ್ಲಿ ಒಂದು ಹನಿಯೂ ಹೆಚ್ಚು ಕಡಿಮೆ ಇಲ್ಲ. ಒಳಗೆ ತುಂಬುವ ಗಾಳಿ, ಅದಕ್ಕೆ ತಕ್ಕ ಬಿಡಿಭಾಗ, ಕಂಪ್ಯೂಟರಿನ ಲೆಕ್ಕ ಬೇರೆ. ಮರ್ಸಿಡಿಸ್‌ನವರು ಇದನ್ನು ಎಲ್ಲಿಯವರೆಗೆ ಒಯ್ದಿದ್ದಾರೆ ಗೊತ್ತಾ? ಸಿ ಕ್ಲಾಸ್‌ನದೇ ಜೋರು ಓಟದ ಮಾದರಿ, 2022ರಲ್ಲಿ ಬಂದ ಎಎಂಜಿ ಸಿ 63ರ ಎಂಜಿನ್ 1991 ಸಿಸಿ, ನಾಲ್ಕೇ ಸಿಲಿಂಡರ್. ಹಿಂಬದಿಯ ವಿದ್ಯುತ್ ಮೋಟಾರನ್ನು ಪಕ್ಕಕ್ಕಿಟ್ಟರೂ ಎಂಜಿನ್ ಒಂದೇ 476 ಎಚ್‌ಪಿ ಕೊಡುತ್ತದೆ.

ಇನ್ನೊಂದು ಮಾತು. ಸಿ 200 ನೋಡಿ ಮೂಗು ಮುರಿಯುವವರು ಬಿಎಂಡಬ್ಲ್ಯುವಿನ ಡಿಕ್ಕಿಯ ಮೇಲೆ 330 ಅನ್ನುವ ಬರಹ ನೋಡಿದರೆ ಸುಮ್ಮನಾಗುತ್ತಾರೆ. 2000ದ ಹೊತ್ತಿನ 330ಐಯಲ್ಲಿ ನಿಜಕ್ಕೂ 3000 ಸಿಸಿಯ, ಆರು ಸಿಲಿಂಡರ್‌ನ ಎಂಜಿನ್ ಇತ್ತು. ಈಗಿನ 330ರಲ್ಲಿ ಇರುವುದು 1998 ಸಿಸಿ, ನಾಲ್ಕು ಸಿಲಿಂಡರ್. ಡಿಕ್ಕಿಯ ಮೇಲಿನ ಅಂಕಿ ಈಗ ಬರೀ ಹೆಸರು. ಅದರಿಂದ ಸಿಸಿ ಲೆಕ್ಕ ಹಾಕಬೇಡಿ.

ಈಗ ನಿಮ್ಮ ಘಾಟಿಗೆ ಬರೋಣ. ಇದನ್ನು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಮಾಡಿಸುತ್ತಿದ್ದೆ. ಮಾಡಿ ಮುಗಿಸಿದಾಗ ಹುಡುಗರ ಮುಖ ನೋಡುವುದೇ ನನಗೊಂದು ಖುಷಿ. ಕಾರು, ಜನ, ಸಾಮಾನು ಎಲ್ಲ ಸೇರಿ ಎರಡು ಟನ್ ಅಂತಿಟ್ಟುಕೊಳ್ಳಿ. 100 ಅಡಿ ಮುಂದೆ ಹೋದರೆ 7 ಅಡಿ ಮೇಲೇರುವ ರಸ್ತೆ. ಗಂಟೆಗೆ 50 ಕಿ.ಮೀ. ವೇಗ. ಏರು ಎಳೆಯುವ ಭಾರ, ಟೈರು ನೆಲಕ್ಕೆ ಉಜ್ಜುವ ತಡೆ, ಗಾಳಿಯ ತಡೆ ಎಲ್ಲ ಸೇರಿಸಿದರೆ ಚಕ್ರದ ಹತ್ತಿರ ಬೇಕಾಗುವುದು ಸುಮಾರು 30 ಎಚ್‌ಪಿ. ಸಮತಟ್ಟು ರಸ್ತೆಯಲ್ಲಿ ಒಂದೇ ಸಮನೆ 100ರಲ್ಲಿ ಹೋಗಲು 20 ಕೂಡ ಬೇಡ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ಮೇಲೆ ಹೋಗುವ ಹಾಗೂ ಇಲ್ಲ. ಹಾಗಾಗಿ 204ರಲ್ಲಿ ಬಹುಪಾಲು ಮಲಗಿಕೊಂಡೇ ಇರುತ್ತದೆ.

ಜಾಸ್ತಿ ಶಕ್ತಿ ಬೇಕಾಗುವುದು ಲಾರಿಯನ್ನು ದಾಟುವ ಆ ಕೆಲವು ಸೆಕೆಂಡು ಮಾತ್ರ. ಅಲ್ಲಿ ನೋಡಬೇಕಾದ್ದು ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಸಿಟಿಯ ಟಾರ್ಕ್ 145 ಎನ್‌ಎಂ (ನ್ಯೂಟನ್ ಮೀಟರ್). ಅದೂ ಪೂರ್ತಿ ಸಿಗಬೇಕಾದರೆ ಎಂಜಿನ್ 4300 ಆರ್‌ಪಿಎಂ, ಅಂದರೆ ನಿಮಿಷಕ್ಕೆ 4300 ಸುತ್ತು, ತಲುಪಬೇಕು. ಅದಕ್ಕೇ ಘಾಟಿಯಲ್ಲಿ ಸಿಟಿ ಕಿರುಚುತ್ತದೆ. ಸಿ 200ರ 300 ಎನ್‌ಎಂ 1800 ಆರ್‌ಪಿಎಂಗೇ ಸಿಗುತ್ತದೆ. ಟರ್ಬೊ ಎದ್ದು ತಿರುಗಲು ಹಿಡಿಯುವ ಅರೆಗಳಿಗೆಯನ್ನು ತುಂಬಲು 48 ವೋಲ್ಟಿನ ಪುಟ್ಟ ಮೋಟಾರೂ ಇದೆ. ಎಂಜಿನ್ನಿನ ನಡುವಿನ ದಂಡಕ್ಕೇ ಅದು ತಳ್ಳು ಕೊಡುತ್ತದೆ.

"ಸಣ್ಣ ಎಂಜಿನ್ನಿಗೆ ಇಷ್ಟು ಕೆಲಸ ಕೊಟ್ಟರೆ ಬೇಗ ಸವೆಯಲ್ವಾ?" ಮುಂದಿನ ಪ್ರಶ್ನೆ ಇದೇ, ನನಗೆ ಗೊತ್ತು. ಇದು ಒಳ್ಳೆಯ ಪ್ರಶ್ನೆ, ಇದಕ್ಕೆ ಬೇಸರವಿಲ್ಲ. ಎಂಜಿನ್ನಿನ ಬ್ಲಾಕು, ಪಿಸ್ಟನ್ನು, ಬೇರಿಂಗು ಎಲ್ಲ ಆ ಒತ್ತಡಕ್ಕೆ ಅಂತಲೇ ಮಾಡಿದವು. ಆದರೆ ಟರ್ಬೊ ಎಂಜಿನ್‌ಗೆ ಆಯಿಲ್ ವಿಷಯದಲ್ಲಿ ಸೋಮಾರಿತನ ಆಗದು. ಟರ್ಬೊದ ದಂಡ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತದೆ. ಅದನ್ನು ಹಿಡಿದಿರುವುದು ತೆಳ್ಳನೆಯ ಆಯಿಲ್ ಪದರ. ಕಂಪನಿ ಹೇಳಿದ ಗ್ರೇಡಿನ ಆಯಿಲನ್ನು ಹೇಳಿದ ಹೊತ್ತಿಗೆ ಬದಲಾಯಿಸಿ. ಓಡಿಸಿದ್ದು ಕಡಿಮೆ ಅಂತ ವರ್ಷ ದಾಟಿಸಬೇಡಿ.

ಸಿಸಿಗೆ ಬೆಲೆಯೇ ಇಲ್ಲವಾ? ಇದೆ, ಕಾಗದದ ಮೇಲೆ. ನಮ್ಮ ಜನಕ್ಕೆ ಈ ಸಿಸಿ ಹುಚ್ಚು ಹಿಡಿಸಿದ್ದರಲ್ಲಿ ಸರ್ಕಾರದ ಪಾಲೂ ಇದೆ. 2017ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿಯಲ್ಲಿ 1500 ಸಿಸಿ ಒಳಗಿನ ಇಂಥ ಸೆಡಾನ್‌ಗಳಿಗೆ ಸೆಸ್ ಸೇರಿ 45%, ಅದರ ಮೇಲಿನವಕ್ಕೆ 48% ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಆ ಭೇದ ಹೋಗಿ, ಎರಡಕ್ಕೂ 40% ಆಗಿದೆ. ಕರ್ನಾಟಕದ ಜೀವಿತಾವಧಿ ತೆರಿಗೆ ನಿಂತಿರುವುದು ಬೆಲೆಯ ಮೇಲೆ. 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ 18%, ಅದರ ಮೇಲೆ ಸೆಸ್. ಇದರಲ್ಲಿ ಎರಡೂ ಕಾರಿಗೆ ರಿಯಾಯಿತಿ ಇಲ್ಲ. ಸಿಸಿ ನೋಡುವುದು ಥರ್ಡ್ ಪಾರ್ಟಿ ವಿಮೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ ಹೊಸ ಕಾರಿಗೆ ಮೂರು ವರ್ಷದ್ದು, 1500 ಸಿಸಿವರೆಗೆ 10,640 ರೂಪಾಯಿ, ಅದು ದಾಟಿದರೆ 24,596. ಅಂದರೆ ಆ "ಬರೀ 1500" ನಿಮಗೆ ಸುಮಾರು 14 ಸಾವಿರ ಉಳಿಸುತ್ತದೆ.

ಹಾಗಾದರೆ ಬಿಎಂಡಬ್ಲ್ಯುಗಿಂತ ಸಿ 200 ಮೇಲಾ? ಹಾಗೆ ಹೇಳಲಿಲ್ಲ. 330 ಲಾಂಗ್ ವೀಲ್‌ಬೇಸ್‌ನದ್ದು 258 ಎಚ್‌ಪಿ, 400 ಎನ್‌ಎಂ. ನಿಂತಲ್ಲಿಂದ 100 ಮುಟ್ಟಲು 6.2 ಸೆಕೆಂಡು ಅಂತ ಕಂಪನಿ ಹೇಳುತ್ತದೆ. ಸಿ 200ಕ್ಕೆ 7.3. ಸ್ಟೀರಿಂಗ್ ಹಿಡಿದು ಖುಷಿಪಡುವವರು ನೀವಾದರೆ ಬಿಎಂಡಬ್ಲ್ಯು ತಗೊಳ್ಳಿ. ಜೋರಾಗಿ ತುಳಿದಾಗ ಸಿ 200ರ ಎಂಜಿನ್ ಸದ್ದು ಸ್ವಲ್ಪ ಒರಟು, ಅದೂ ನಿಜ. ಅದಕ್ಕೆ ಕಾರಣ ಸಿಸಿಯಲ್ಲ. ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಆರು ಸಿಲಿಂಡರಿನ ನಯ ಹುಟ್ಟಿನಿಂದಲೇ ಇಲ್ಲ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ: ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ಬಿಎಂಡಬ್ಲ್ಯುವಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, 2961 ಮಿ.ಮೀ. ಸಿ ಕ್ಲಾಸ್‌ನದ್ದು 2865. ಈ ಸುಮಾರು ಹತ್ತು ಸೆಂಟಿಮೀಟರ್‌ನಲ್ಲಿ ಒಂದಿಷ್ಟು ಹಿಂದೆ ಕೂತವರ ಕಾಲಿಗೆ ಸಿಗುತ್ತದೆ. ಅಪ್ಪ ಅಮ್ಮ ದಿನಾ ಹಿಂದೆ ಕೂರುವವರಾದರೆ ಇದು 50 ಎಚ್‌ಪಿಗಿಂತ ದೊಡ್ಡ ವಿಷಯ. ಆದರೆ ಹಂಪ್ಸ್ ಮೇಲೆ ಅದೇ ಉದ್ದ ತಿರುಗಿ ಬೀಳುತ್ತದೆ. ನೆಲದಿಂದ ಎತ್ತರ ಒಂದೇ ಇದ್ದರೂ, ಚಕ್ರಗಳು ದೂರ ದೂರ ಇದ್ದಷ್ಟೂ ಕಾರಿನ ಹೊಟ್ಟೆ ಹಂಪ್ಸ್‌ಗೆ ತಾಗುವ ಸಾಧ್ಯತೆ ಜಾಸ್ತಿ. ನಿಮ್ಮ ಬೀದಿಯ ಹಂಪ್ಸ್, ಮನೆಯ ಗೇಟಿನ ಏರು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು, ಇವುಗಳ ಮೇಲೆ ಐದು ಜನರನ್ನು ಕೂರಿಸಿಕೊಂಡು ಟೆಸ್ಟ್ ಡ್ರೈವ್ ಮಾಡಿ. ಒಬ್ಬರೇ ಹೋಗಿ ರಿಂಗ್ ರೋಡಿನಲ್ಲಿ ಓಡಿಸಿ ಬಂದರೆ ಏನೂ ಗೊತ್ತಾಗುವುದಿಲ್ಲ. ಅಮ್ಮನಿಗೆ ಮಂಡಿ ನೋವಿದ್ದರೆ ಅವರನ್ನು ಷೋರೂಂಗೇ ಕರೆದುಕೊಂಡು ಹೋಗಿ, ಎರಡರಲ್ಲೂ ನಾಲ್ಕು ಸಲ ಹತ್ತಿ ಇಳಿಯಲಿ. ಸೆಡಾನ್ ಸೀಟು ತಗ್ಗಿನಲ್ಲಿರುತ್ತದೆ. ಏಳುವಾಗ ಅವರ ಮುಖ ನೋಡಿದರೆ ಸಾಕು.

ಇಷ್ಟು ಹೇಳಿದ ಮೇಲೆ ಸ್ಟೆಪ್ನಿ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಯಾರೂ ಇದನ್ನು ಕೇಳುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಐಷಾರಾಮಿ ಸೆಡಾನ್‌ನಲ್ಲಿ ಮಂಗಳೂರಿಗೆ ಹೊರಟಿದ್ದ. ರಾತ್ರಿ ಒಂಬತ್ತಕ್ಕೆ, ಮಳೆಯಲ್ಲಿ, ಶಿರಾಡಿ ಘಾಟಿಯ ಬುಡದ ಗುಂಡ್ಯದ ಹತ್ತಿರ ಟೈರು ಹೋಯಿತು. ಅವನ ಕಾರಿನಲ್ಲಿ ಇದ್ದದ್ದು ರನ್‌ಫ್ಲಾಟ್ ಟೈರು. ಇದರ ಪಕ್ಕದ ಗೋಡೆ ಗಟ್ಟಿ. ಗಾಳಿ ಪೂರ್ತಿ ಹೋದರೂ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದಂತೆ 80 ಕಿ.ಮೀ. ದೂರ ಹೋಗಬಹುದು. ಗುಂಡ್ಯದಿಂದ ಹಾಸನಕ್ಕೂ ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಕಾರು ತುಂಬ ಜನ ಇದ್ದರು. ಭಾರ ಜಾಸ್ತಿ ಆದಷ್ಟೂ ಆ 80 ಕಡಿಮೆಯಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಸ್ಟೆಪ್ನಿ ಹುಡುಕಿದ, ಇರಲಿಲ್ಲ. ನನಗೆ ಫೋನ್ ಮಾಡಿದ. ನಿಧಾನವಾಗಿ ಉಪ್ಪಿನಂಗಡಿವರೆಗೆ ಹೋಗು, ರಾತ್ರಿ ಅಲ್ಲೇ ಉಳಿದುಕೋ ಅಂದೆ. ಬೆಳಿಗ್ಗೆ ಪಂಕ್ಚರ್ ಅಂಗಡಿಯವನು ಒಳ್ಳೆಯ ಮನುಷ್ಯ, ಸುಮ್ನೆ ಪ್ಯಾಚ್ ಹಾಕಿ ದುಡ್ಡು ತಗೊಳ್ಳಲಿಲ್ಲ. ಗಾಳಿ ಇಲ್ಲದೆ ಅಷ್ಟು ದೂರ ಓಡಿದ ಟೈರನ್ನು ನಂಬಬೇಡಿ, ಬದಲಾಯಿಸಿ ಅಂದ. ಅವನ ಮಾತು ನೂರಕ್ಕೆ ನೂರು ಸರಿ. ಒಳಗಿನ ಗೋಡೆ ಜಜ್ಜಿದ್ದು ಹೊರಗಿನಿಂದ ಕಾಣುವುದಿಲ್ಲ. ಆ ಅಳತೆಯ ಟೈರು ಊರಲ್ಲಿ ಸಿಗಲಿಲ್ಲ. ಮಂಗಳೂರಿನಿಂದ ತರಿಸಿದ್ದಾಯಿತು.

ನೀವು ಪುತ್ತೂರಿನ ದಾರಿಯಲ್ಲಿ ಓಡಾಡುವವರು. ಹಾಗಾಗಿ ಬುಕ್ ಮಾಡುವ ಮೊದಲು ಡಿಕ್ಕಿ ತೆಗೆಸಿ, ನೆಲದ ಹಾಸು ಎತ್ತಿಸಿ, ಸ್ಟೆಪ್ನಿ ಇದೆಯಾ, ಇದ್ದರೆ ಅದರ ಮೇಲೆ ಎಷ್ಟು ವೇಗಕ್ಕೆ ಅಂತ ಬರೆದಿದೆ ನೋಡಿ. ಸ್ಟೆಪ್ನಿ ಇಟ್ಟ ಮೇಲೆ ಎಷ್ಟು ಸೂಟ್‌ಕೇಸ್ ಹಿಡಿಸುತ್ತದೆ ಅಂತ ನಿಮ್ಮದೇ ಸೂಟ್‌ಕೇಸ್ ಇಟ್ಟು ನೋಡಿ. ಟೈರಿನ ಪಕ್ಕ ಓದಿ. ಬಿಎಂಡಬ್ಲ್ಯು ಟೈರಿನಲ್ಲಿ ಆರ್‌ಎಸ್‌ಸಿ, ಮರ್ಸಿಡಿಸ್ ಟೈರಿನಲ್ಲಿ ಎಂಒಇ ಅಂತ ಇದ್ದರೆ ಅದು ರನ್‌ಫ್ಲಾಟ್. ವಿಮೆ ಮಾಡಿಸುವಾಗ ಟೈರಿನ ಕವರ್ ಸೇರಿಸಿ. ಡೆಲಿವರಿ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಮೊದಲು ಆ ನಾಲ್ಕೂ ಟೈರುಗಳ ಬರಹದ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ರಾತ್ರಿ ಎಲ್ಲೋ ನಿಂತಾಗ ಟೈರಿನ ಅಂಗಡಿಯವನು ಮೊದಲು ಕೇಳುವುದು ಅದನ್ನೇ.