ಗಾಳಿ ಸೋಕಿದ್ದಲ್ಲ, ಗಾಳಿ ಸಾಲದ್ದು

ದಾವಣಗೆರೆಯ ಹಳೇಪೇಟೆ ಕಡೆಯ ಮನೆಗಳಲ್ಲಿ ತಾಮ್ರದ ಬಾಯ್ಲರ್‌ಗಳು ಒಂದೊಂದಾಗಿ ಬಚ್ಚಲು ಬಿಟ್ಟು ಗುಜರಿ ಸೇರುತ್ತಿವೆ. ಹತ್ತಿಕಟ್ಟಿಗೆ, ತೆಂಗಿನ ಚಿಪ್ಪು, ಮೆಕ್ಕೆಜೋಳದ ಬೆಂಡು ತುರುಕಿ ಅರ್ಧ ಗಂಟೆ ಕಾಯುವ ಕಾಲ ಮುಗಿಯಿತು. ನಲ್ಲಿ ತಿರುಗಿಸಿದರೆ ಸಾಕು, ಗ್ಯಾಸ್ ಗೀಸರ್ ಬಿಸಿನೀರು ಕೊಡುತ್ತದೆ. ಕಣ್ಣುರಿ ತಪ್ಪಿತು, ಮಸಿ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಎಷ್ಟೋ ಮನೆಗಳಲ್ಲಿ ಗೀಸರನ್ನು ಹಳೇ ಬಾಯ್ಲರ್ ಇದ್ದ ಜಾಗಕ್ಕೇ, ಬಚ್ಚಲೊಳಗೇ ತಂದು ತೂಗುಹಾಕುತ್ತಾರೆ. ಎಡವಟ್ಟಾಗುವುದು ಅಲ್ಲಿ.

ಚಳಿಗಾಲದಲ್ಲಿ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ, ಬಾಗಿಲು ಒಡೆದು ನೋಡಿದರೆ ಕುಸಿದು ಬಿದ್ದಿದ್ದರು ಎಂಬ ಸುದ್ದಿ ಆಗಾಗ ಬರುತ್ತದೆ. ‘ಗಾಳಿ ಸೋಕಿತು’ ಎಂದು ನಿಂಬೆಹಣ್ಣು ಇಳಿ ತೆಗೆಯುವವರು ಇನ್ನೂ ಇದ್ದಾರೆ. ಓದಿದವರು ‘ಗ್ಯಾಸ್ ಲೀಕ್ ಆಗಿರಬೇಕು’ ಎನ್ನುತ್ತಾರೆ. ಪೈಪಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದರೆ ಒಂದು ಗುಳ್ಳೆಯೂ ಏಳುವುದಿಲ್ಲ. ಏಳಬೇಕಾಗಿಯೂ ಇಲ್ಲ, ಏಕೆಂದರೆ ಕೊಂದದ್ದು ಸೋರಿದ ಗ್ಯಾಸಲ್ಲ, ಸರಿಯಾಗಿ ಉರಿಯದ ಗ್ಯಾಸು ಹುಟ್ಟಿಸಿದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ.

ಬಚ್ಚಲಿನ ಹಂಡೆಗೆ ಬಾಯ್ಲರ್ ಎಂಬ ಹೆಸರೇ ಸಲ್ಲುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿಗೆ ಗಿರಣಿಯ ಬಾಯ್ಲರ್ ಗೊತ್ತು. ಅಂಥದ್ದರಲ್ಲಿ ನೀರು ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗಲು ನೋಡುತ್ತದೆ, ಉಕ್ಕಿನ ಗೋಡೆ ಅದನ್ನು ಅದುಮಿ ಹಿಡಿಯುತ್ತದೆ. ಆ ಒತ್ತಡದ ಭಯಕ್ಕೇ 1923ರಲ್ಲಿ ಭಾರತೀಯ ಬಾಯ್ಲರ್ ಕಾಯ್ದೆ ಬಂತು. ಬಚ್ಚಲಿನದು ಬಾಯಿ ತೆರೆದ ಪಾತ್ರೆ: ನಡುವೆ ಹೊಗೆ ಕೊಳವೆ, ಸುತ್ತ ನೀರು, ಅಷ್ಟೆ. ಅದರ ನಿಜವಾದ ಗುಣ ಆ ಕೊಳವೆಯಲ್ಲಿತ್ತು, ಹೆಂಚಿನ ಸಂದಿಯಲ್ಲಿತ್ತು, ಗವಾಕ್ಷಿಯಲ್ಲಿತ್ತು. ಕಟ್ಟಿಗೆ ಹೊಗೆಯಲ್ಲಿ ವಿಷಾನಿಲ ಇನ್ನೂ ಹೆಚ್ಚು. ಆದರೆ ಹೊಗೆ ಕಣ್ಣು ಉರಿಸಿ, ಕೆಮ್ಮಿಸಿ ಮನುಷ್ಯನನ್ನು ಹೊರಗೆ ಅಟ್ಟುತ್ತಿತ್ತು. ಈಗ ಮೇಲೆ ಆರ್‌ಸಿಸಿ, ಗೋಡೆಗೆ ಟೈಲ್ಸ್, ಗಾಳಿಯಾಡದ ಬಾಗಿಲು.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಹತ್ತೂವರೆ ಕಿಲೋವ್ಯಾಟ್ ಶಾಖ ಬೇಕು. ನಷ್ಟ ಸೇರಿಸಿದರೆ ಗಂಟೆಗೆ ಸುಮಾರು 1 ಕೆಜಿ ಎಲ್‌ಪಿಜಿ, ಹತ್ತು ನಿಮಿಷಕ್ಕೆ 160 ಗ್ರಾಂ. ಅಷ್ಟನ್ನು ಸುಡಲು ಅರ್ಧ ಕೆಜಿಗೂ ಮಿಕ್ಕಿ ಆಮ್ಲಜನಕ ಬೇಕು. 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿರುವ ಆಮ್ಲಜನಕವೇ ಎರಡು ಕೆಜಿಗಿಂತ ಕಡಿಮೆ. ಬಾಗಿಲು, ಕಿಟಕಿ ಬಿಗಿಯಾಗಿದ್ದರೆ ಒಂದೇ ಸ್ನಾನದಲ್ಲಿ ಮೂರನೇ ಒಂದು ಪಾಲಿನಷ್ಟನ್ನು ಬೆಂಕಿ ತಿಂದು ಮುಗಿಸುತ್ತದೆ. ಅದಕ್ಕೆ ಬಹಳ ಮೊದಲೇ ಜ್ವಾಲೆ ಹಸಿಯತೊಡಗುತ್ತದೆ.

ಹಸಿದ ಜ್ವಾಲೆ ಏನು ಮಾಡುತ್ತದೆ? ಮದುವೆ ಪಂಕ್ತಿಯಲ್ಲಿ ಎಲೆಗೆ ಎರಡು ಹೋಳಿಗೆ ಎಂದುಕೊಳ್ಳಿ. ಹೋಳಿಗೆ ಸಾಲದೆ ಬಂದರೆ ಬಡಿಸುವವನು ಎಲೆಗೊಂದೇ ಹಾಕುತ್ತಾ ಹೋಗುತ್ತಾನೆ. ಇಂಗಾಲಕ್ಕೂ ಹಾಗೆಯೇ. ಎರಡು ಆಮ್ಲಜನಕ ಸಿಕ್ಕರೆ ಇಂಗಾಲದ ಡೈಆಕ್ಸೈಡ್, ಒಂದೇ ಸಿಕ್ಕರೆ ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವುದು ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್ ವಾಸನೆ. ಉರಿಯುವಾಗ ಅದೂ ಉರಿದುಹೋಗಿರುತ್ತದೆ.

ಇನ್ನು ರಕ್ತದ ಕಥೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ನಾಲ್ಕು ಸೀಟಿನ ಬಸ್ಸು. ಆಮ್ಲಜನಕ ದಾವಣಗೆರೆಯಲ್ಲಿ ಹತ್ತಿ ಹರಿಹರದಲ್ಲಿ ಇಳಿಯುವ ಪ್ರಯಾಣಿಕ. ಅದು ಇಳಿಯುವುದರಿಂದಲೇ ಮೆದುಳಿಗೆ, ಹೃದಯಕ್ಕೆ ಜೀವ. ಮಾನಾಕ್ಸೈಡ್ ಅದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಸೀಟು ಹಿಡಿಯುತ್ತದೆ, ಹರಿಹರ ದಾಟಿದರೂ ಏಳುವುದಿಲ್ಲ. ಅದಕ್ಕಿಂತ ಕೇಡಿನ ಸಂಗತಿಯೆಂದರೆ, ಅದು ಕೂತ ಮೇಲೆ ಪಕ್ಕದ ಸೀಟಿನ ಆಮ್ಲಜನಕವೂ ಸಲೀಸಾಗಿ ಇಳಿಯುವುದಿಲ್ಲ. ಬಸ್ಸು ತುಂಬಿದೆ, ಊರಿಗೆ ಮಾತ್ರ ಯಾರೂ ಬಂದಿಲ್ಲ. ಈ ಬಂಧವನ್ನು 1857ರಲ್ಲೇ ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ಡ್ ತೋರಿಸಿದ್ದ. ಆಮೇಲೆ ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್, ಕಲ್ಲಿದ್ದಲ ಗಣಿಗೆ ಪುಟ್ಟ ಜೀವಿಗಳನ್ನು ಒಯ್ಯಿರಿ, ಮನುಷ್ಯನಿಗಿಂತ ಮೊದಲು ಅವು ಕುಸಿಯುತ್ತವೆ ಎಂದ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳ ಚಾಕರಿ 1986ರವರೆಗೂ ನಡೆಯಿತು. ನಮ್ಮ ಬಚ್ಚಲಲ್ಲಿ ಹಕ್ಕಿಯಿಲ್ಲ. ತಲೆನೋವು, ವಾಕರಿಕೆ, ಕಾಲಿನ ಶಕ್ತಿ ಹೋಗುವುದು, ಇವೇ ಸೂಚನೆ. ಕಾಲು ಸೋತವರಿಗೆ ಚಿಲಕ ತೆಗೆಯಲು ಆಗುವುದಿಲ್ಲ.

ಹಾಗಾಗಿ ಗೀಸರ್ ಬಚ್ಚಲ ಹೊರಗೆ, ಹಿತ್ತಲಿನ ಗೋಡೆಗೋ ಗಾಳಿಯಾಡುವ ಪ್ಯಾಸೇಜಿಗೋ ಹೋಗಲಿ. ಒಳಗೆ ಬರುವುದು ಬಿಸಿನೀರಿನ ಪೈಪು ಮಾತ್ರ. ಗೀಸರಿನ ಬಾಯಿಗೆ ಮೊದಲು ಲೋಹದ ಹೆಣಿಗೆ ಪೈಪು, ಆಮೇಲೆ ಬಿಸಿ ತಾಳುವ ಸಿಪಿವಿಸಿ ಪೈಪು. ಮಾಮೂಲಿ ಬಿಳಿ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಚಿತ್ರದುರ್ಗದ ಕಡೆಯಾದರೆ ಗಾಳಿಯ ದಿಕ್ಕು ನೋಡಿ ಕೂರಿಸಬೇಕು. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿ ಜ್ವಾಲೆ ಆರಿಸುತ್ತದೆ, ಉರಿದ ಅನಿಲವನ್ನು ಹಿಂದಕ್ಕೆ ನೂಕುತ್ತದೆ. ಗೀಸರ್ ಒಳಗೇ ಇಟ್ಟು ‘ಎಕ್ಸಾಸ್ಟ್ ಫ್ಯಾನ್ ಹಾಕಿದ್ದೇವಲ್ಲ’ ಎನ್ನಬೇಡಿ. ಹೊರಗಿನ ಗಾಳಿಗೆ ದಾರಿಯಿಲ್ಲದಿದ್ದರೆ ಅದೇ ಫ್ಯಾನು ಗೀಸರಿನ ಹೊಗೆಯನ್ನು ಕೋಣೆಗೆ ಎಳೆಯುತ್ತದೆ. ಇಪ್ಪತ್ತು ನಿಮಿಷಕ್ಕೆ ತಾನೇ ಆರುವ ಟೈಮರ್‌ಗೆ ಹೊತ್ತು ಗೊತ್ತು, ಗಾಳಿ ಗೊತ್ತಿಲ್ಲ.

‘ಬರೀ ಟಿಕ್ ಟಿಕ್ ಅನ್ನುತ್ತೆ, ಹತ್ತಲ್ಲ’ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಟ್ಯಾಂಕಿನ ಎತ್ತರ. ನೀರಿನ ಒತ್ತಡ ಒಳಗಿನ ರಬ್ಬರ್ ಪೊರೆಯನ್ನು ತಳ್ಳಿದರೆ ಮಾತ್ರ ಕಿಡಿಯೂ ಗ್ಯಾಸೂ ಬರುತ್ತವೆ. 0.25 ಬಾರ್ ಒತ್ತಡ ಕೇಳುವ ಮಾದರಿಗೆ ಟ್ಯಾಂಕಿನ ತಳ ಗೀಸರಿಗಿಂತ ಎರಡೂವರೆ ಮೀಟರ್ ಮೇಲಿರಬೇಕು. ಒಂದಂತಸ್ತಿನ ಮಾಳಿಗೆಯ ಮೇಲೆ ಸ್ಟ್ಯಾಂಡಿಲ್ಲದೆ ಕೂರಿಸಿದ ಟ್ಯಾಂಕಿನಿಂದ ಅಷ್ಟು ಸಿಗುವುದಿಲ್ಲ. ಎತ್ತರ ಸರಿಯಿದ್ದರೆ ಒಳಹರಿವಿನ ಜಾಲರಿಯಲ್ಲಿ ಮರಳು ಕೂತಿದೆಯೇ ನೋಡಿ, ಸೆಲ್ ಬದಲಿಸಿ. ಬೋರ್‌ವೆಲ್ ನೀರಿನ ಸುಣ್ಣ ತಾಮ್ರದ ಕೊಳವೆಯೊಳಗೆ ಪೊರೆ ಕಟ್ಟುವುದೂ ಉಂಟು. ಆ ಕೊಳವೆಯ ಹೊರಗಿನ ತಗಡು ರೆಕ್ಕೆಗಳಿಗೆ ಮಸಿ ಕಟ್ಟಿದರೆ ಮಾತ್ರ ಅದು ಪ್ರಾಣದ ಪ್ರಶ್ನೆ: ಹೊಗೆಯ ದಾರಿ ಕಿರಿದಾಗಿ ಮಾನಾಕ್ಸೈಡ್ ಏರುತ್ತದೆ. ಕಿಂಡಿಯಲ್ಲಿ ಕಾಣುವ ಜ್ವಾಲೆ ನೀಲಿಯಿರಬೇಕು. ಹಳದಿ ನಾಲಿಗೆ ಚಾಚಿದರೆ ಆರಿಸಿ, ಸರ್ವಿಸ್ ಮಾಡಿಸಿ.

ಪೈಪ್ ಗ್ಯಾಸ್ ಬಂದ ಬೀದಿಯವರು ಜೆಟ್, ಅಂದರೆ ಗ್ಯಾಸ್ ಚಿಮ್ಮುವ ರಂಧ್ರದ ತುಂಡು, ಬದಲಿಸದೆ ಹಳೇ ಎಲ್‌ಪಿಜಿ ಗೀಸರನ್ನು ಜೋಡಿಸಬಾರದು. ಎಲ್‌ಪಿಜಿಗೆ ಸಣ್ಣ ರಂಧ್ರ, ಪೈಪ್ ಗ್ಯಾಸಿಗೆ ದೊಡ್ಡದು. ತಿರುಗುಮುರುಗಾಗಿ ದೊಡ್ಡ ರಂಧ್ರಕ್ಕೆ ಎಲ್‌ಪಿಜಿ ಕೊಟ್ಟರೂ ಅಪಾಯವೇ, ಜ್ವಾಲೆ ಹಳದಿಯಾಗಿ ಮಸಿ ಕಾರುತ್ತದೆ. ತಾಮ್ರದ ಬಾಯ್ಲರ್ ಕೆಳಗೇ ಗ್ಯಾಸ್ ಬರ್ನರ್ ಇಡುವ ಉಪಾಯವನ್ನೂ ಬಿಡಿ. ತಣ್ಣೀರು ತುಂಬಿದ ತಾಮ್ರಕ್ಕೆ ಬಡಿದ ಜ್ವಾಲೆ ಪೂರ್ತಿ ಉರಿಯುವ ಮೊದಲೇ ತಣಿದು ಅದೇ ವಿಷ ಉಗುಳುತ್ತದೆ.

ಯಾರಾದರೂ ಬಿದ್ದರೆ ಮೊದಲು ಬಾಗಿಲು ತೆರೆದು, ನೀರು, ಗ್ಯಾಸ್ ಎರಡನ್ನೂ ನಿಲ್ಲಿಸಿ, ಅವರನ್ನು ಬಯಲಿಗೆ ಎಳೆದು ತಂದು 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ಬಾಯಿಬಿಟ್ಟು ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ಗೆ ಮಾನಾಕ್ಸೈಡ್ ಹೊತ್ತ ರಕ್ತವೂ ಆಮ್ಲಜನಕ ಹೊತ್ತ ರಕ್ತದಂತೆಯೇ ಕಾಣುತ್ತದೆ. ಅದು 98 ತೋರಿಸುತ್ತಿರುವಾಗಲೇ ರೋಗಿ ಉಸಿರುಗಟ್ಟುತ್ತಿರಬಹುದು. ಬರೀ ಗಾಳಿಯಲ್ಲಿ ರಕ್ತದ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು.