ಕೊಲೆ ಪಟ್ಟಿಯಲ್ಲಿ ಕೊಡಗು ಒಂದು ವರ್ಷ ಮೇಲೆ, ಮರುವರ್ಷ ಕೆಳಗೆ: ಯಾವುದನ್ನು ನಂಬೋದು?

ಪ್ರಶ್ನೆ: ಜಿಲ್ಲಾವಾರು ಕೊಲೆ ಪ್ರಮಾಣದ ಪಟ್ಟಿಯೊಂದು ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಒಂದು ವರ್ಷ ಕೊಡಗು ಬೆಂಗಳೂರಿಗಿಂತ ಮೇಲಿದೆ, ಮರುವರ್ಷ ಎಷ್ಟೋ ಕೆಳಗಿದೆ. ‘ಮನೆಮನೆಯಲ್ಲಿ ಕೋವಿ ಇಟ್ಟುಕೊಂಡರೆ ಇನ್ನೇನಾಗುತ್ತೆ’ ಅಂತ ಒಬ್ಬರು, ‘ಕೋವಿ ಇರೋದ್ರಿಂದಲೇ ಇಲ್ಲಿ ಎಲ್ಲರೂ ಹದ್ದುಬಸ್ತಿನಲ್ಲಿದ್ದಾರೆ’ ಅಂತ ಇನ್ನೊಬ್ಬರು. ಯಾರು ಹೇಳೋದು ಸರಿ? (ವಿರಾಜಪೇಟೆಯ ಓದುಗರೊಬ್ಬರು)

ಉತ್ತರ: ಆ ಪಟ್ಟಿಯೊಂದನ್ನೇ ಹಿಡಿದುಕೊಂಡು ಇಬ್ಬರಲ್ಲಿ ಯಾರೂ ಗೆಲ್ಲಲಾರರು. ಕೋವಿಯ ವಿಷಯಕ್ಕೆ ಆಮೇಲೆ ಬರೋಣ, ಮೊದಲು ಲೆಕ್ಕ.

2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, 2022ರಲ್ಲಿ ದೇಶದಾದ್ಯಂತ 28,522 ಕೊಲೆ ಪ್ರಕರಣಗಳನ್ನು ತೋರಿಸುತ್ತದೆ. ಲಕ್ಷ ಜನರಿಗೆ 2.1. ಕೊಡಗು ಸರಿಯಾಗಿ ದೇಶದ ಸರಾಸರಿಯಲ್ಲೇ ಇದೆ ಎಂದಿಟ್ಟುಕೊಳ್ಳಿ. ಆಗ ವರ್ಷಕ್ಕೆ ಸುಮಾರು 12 ಕೊಲೆ. ಆದರೆ ಕೊಲೆಗಳೇನು ತಿಂಗಳಿಗೊಂದರಂತೆ ರೇಷನ್ ಹಂಚಿದ ಹಾಗೆ ಬರುವುದಿಲ್ಲವಲ್ಲ. ಇಂಥ ವಿರಳ ಘಟನೆಗಳಿಗೆ ಸಂಖ್ಯಾಶಾಸ್ತ್ರದವರು ಬಳಸುವ ಒಂದು ಅಂದಾಜು ಇದೆ: ಸರಾಸರಿಯ ವರ್ಗಮೂಲ ತೆಗೆದು, ಅದರ ಎರಡರಷ್ಟನ್ನು ಕೂಡಿಸಿ, ಕಳೆಯಿರಿ. 12ರ ವರ್ಗಮೂಲ ಮೂರೂವರೆ, ಎರಡರಷ್ಟು ಏಳು. ಅಂದರೆ ಜಿಲ್ಲೆಯಲ್ಲಿ ಏನೂ ಬದಲಾಗದಿದ್ದರೂ ಒಂದು ವರ್ಷ 5, ಇನ್ನೊಂದು ವರ್ಷ 19 ಕೊಲೆ ಆಗಬಹುದು. ಲಕ್ಷಕ್ಕೆ ಲೆಕ್ಕ ಹಾಕಿದರೆ 0.9ರಿಂದ 3.4ರವರೆಗೆ. ಜಿಲ್ಲೆ ಅದೇ, ಪೊಲೀಸರು ಅವರೇ, ಜನರೂ ಅವರೇ. ಆದರೂ ಪತ್ರಿಕೆಯಲ್ಲಿ ಒಮ್ಮೆ ‘ಶಾಂತ ಜಿಲ್ಲೆ’, ಮತ್ತೊಮ್ಮೆ ‘ಬೆಚ್ಚಿಬಿದ್ದ ಕೊಡಗು’.

ಬೆಂಗಳೂರಿಗೆ ಈ ಓಲಾಟ ಇಲ್ಲ. 2022ರಲ್ಲಿ ಅಲ್ಲಿ 173 ಪ್ರಕರಣ. ಅದೇ ಲೆಕ್ಕದಲ್ಲಿ ಅದೃಷ್ಟ ಅತ್ತಿತ್ತ ತಳ್ಳಿದರೂ 147ರಿಂದ 199, ಅಷ್ಟೇ. ಹಾಗಾಗಿ ಯಾವ ಪಟ್ಟಿ ತೆಗೆದರೂ ತುತ್ತತುದಿಯಲ್ಲೂ ತೀರಾ ತಳದಲ್ಲೂ ಸಿಗುವುದು ಹೆಚ್ಚಾಗಿ ಸಣ್ಣ ಜಿಲ್ಲೆಗಳೇ. ತೋಟದ ಡೈರಿಯಲ್ಲಿ ದಿನವೂ ಇಂಚು ಮಳೆ ಬರೆದಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವರ್ಷದ ಮಳೆ ನೋಡಿ ‘ಕೊಡಗಿನ ಹವೆಯೇ ಬದಲಾಯ್ತು’ ಅಂದರೆ ಅಜ್ಜಂದಿರು ನಕ್ಕಾರು. ಐದು ವರ್ಷದ ಮೊತ್ತ ತೆಗೆದುಕೊಳ್ಳಿ. ಆಗ 60ರ ಆಸುಪಾಸು ಬರುತ್ತದೆ, ಲಕ್ಷಕ್ಕೆ ವರ್ಷದ ಪ್ರಮಾಣದ ಓಲಾಟ 1.6 ಮತ್ತು 2.7ರ ನಡುವೆಗೆ ಕುಗ್ಗುತ್ತದೆ. ಆಮೇಲೆ ಬೇಕಾದರೆ ಹೋಲಿಸಿ.

ಭಾಗಿಸುವ ಸಂಖ್ಯೆಯದೂ ಒಂದು ತಕರಾರಿದೆ. ಎನ್‌ಸಿಆರ್‌ಬಿ ಮಹಾನಗರಗಳ ಪ್ರಮಾಣ ಹಾಕುವಾಗ 2011ರ ಜನಗಣತಿಯನ್ನೇ ಹಿಡಿದುಕೊಂಡಿದೆ. ಬೆಂಗಳೂರಿಗೆ ಅದು ಸುಮಾರು 85 ಲಕ್ಷ, ಹಾಗಾಗಿ ಪ್ರಮಾಣ 2.0. ಈಗ ಆ ಊರಲ್ಲಿ ಕೋಟಿಗೂ ಎಷ್ಟೋ ಮೇಲೆ ಜನ ಇದ್ದಾರೆ. ನಿಜವಾದ ಪ್ರಮಾಣ ಅದಕ್ಕಿಂತ ಕಡಿಮೆ. ಇನ್ನು ನಮ್ಮಲ್ಲಿ? ಕಾಫಿ ಕೊಯ್ಲಿಗೆಂದು ಅಸ್ಸಾಂ ಕಡೆಯಿಂದ ಬಂದು ಲೈನ್ ಮನೆಗಳಲ್ಲಿ (ತೋಟದ ಕೂಲಿಕಾರರ ಸಾಲು ಮನೆಗಳಲ್ಲಿ) ಇರುವವರು, ಶನಿವಾರ ಭಾನುವಾರ ಹೋಂಸ್ಟೇ ತುಂಬುವವರು ಜನಗಣತಿಯ ಕೊಡಗಿನಲ್ಲಿ ಇಲ್ಲ. ಅವರಲ್ಲೊಬ್ಬರು ಇಲ್ಲಿ ಕೊಲೆಯಾದರೆ ಪ್ರಕರಣ ಮಾತ್ರ ಕೊಡಗಿನ ಲೆಕ್ಕಕ್ಕೆ. ಮೇಲಿನ ಸಂಖ್ಯೆಗೆ ಸೇರುತ್ತಾರೆ, ಕೆಳಗಿನದಕ್ಕೆ ಸೇರುವುದಿಲ್ಲ. ‘ಹೊರಗಿನವರು ಬಂದ ಮೇಲೆ ಕೊಲೆ ಜಾಸ್ತಿ ಆಯ್ತು’ ಎನ್ನುವವರು ಮೊದಲು ಆ ಹೊರಗಿನವರನ್ನು ಎಣಿಸಲಿ.

ಕೊಲೆ ಅಂದರೆ ಎಣಿಸಲು ಏನು ಕಷ್ಟ, ಹೆಣ ಕಣ್ಣೆದುರಿಗೇ ಇರುತ್ತದಲ್ಲ ಅನ್ನಿಸಬಹುದು. ಕಳ್ಳತನ, ಹೊಡೆದಾಟಕ್ಕೆ ಹೋಲಿಸಿದರೆ ಅದು ನಿಜವೇ. ಆದರೂ ಹತ್ತು ಹನ್ನೆರಡರ ಲೆಕ್ಕದಲ್ಲಿ ಒಂದೆರಡು ಅತ್ತಿತ್ತ ಆದರೂ ಪಟ್ಟಿಯಲ್ಲಿ ಜಾಗ ಬದಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟವೊಂದರಲ್ಲಿ ಸುಟ್ಟ ಶವ ಸಿಕ್ಕಿತು. ಕೊಡಗಿನ ಪೊಲೀಸರೇ ಜಾಡು ಹಿಡಿದು ಹೊರಟರು. ನೋಡಿದರೆ ಕೊಲೆ ನಡೆದದ್ದು ತೆಲಂಗಾಣದಲ್ಲಿ. ಶವ ಸುಡಲು ಮಾತ್ರ ನಮ್ಮ ತೋಟ ಬೇಕಾಗಿತ್ತು.

ಇದಕ್ಕೆ ಉಲ್ಟಾ ಇನ್ನೊಂದು. ಕುಶಾಲನಗರ ಕಡೆಯ ಬುಡಕಟ್ಟಿನ ಕೂಲಿಕಾರರೊಬ್ಬರು ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟರು. ಪಕ್ಕದ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ ಎಂದು ಗಂಡನ ಮೇಲೆ ಕೊಲೆ ಆರೋಪ ಹೊರಿಸಿದರು, ಆತ ಜೈಲು ಸೇರಿದ. 2025ರ ಏಪ್ರಿಲ್‌ನಲ್ಲಿ ಆ ಹೆಂಗಸು ಮಡಿಕೇರಿಯ ಹೋಟೆಲೊಂದರಲ್ಲಿ ಕಣ್ಣಿಗೆ ಬಿದ್ದಳು, ಜೀವಂತವಾಗಿ! ಮೈಸೂರಿನ ನ್ಯಾಯಾಲಯ ಗಂಡನನ್ನು ಖುಲಾಸೆ ಮಾಡಿತು. ಎನ್‌ಸಿಆರ್‌ಬಿ ಎಣಿಸುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನು, ಕೋರ್ಟಿನ ತೀರ್ಪುಗಳನ್ನಲ್ಲ. ಇಂಥದ್ದು ಆಯಾ ವರ್ಷದ ಲೆಕ್ಕದಲ್ಲಿ ‘ಕೊಲೆ’ಯಾಗಿಯೇ ಇರುತ್ತದೆ. ಒಂದೇ ಮನೆಯಲ್ಲಿ ನಾಲ್ವರನ್ನು ಕೊಂದರೂ ಎಫ್‌ಐಆರ್ ಒಂದೇ ಆದರೆ ಪ್ರಕರಣ ಒಂದೇ. ಸತ್ತವರ ಕಾಲಮ್ಮಿನಲ್ಲಿ ನಾಲ್ಕು. ನಿಮಗೆ ಬಂದ ಪಟ್ಟಿ ಇವೆರಡರಲ್ಲಿ ಯಾವುದನ್ನು ಹಿಡಿದಿದೆಯೋ ನೋಡಿ.

ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆಸ್ಪತ್ರೆ. ಠಾಣೆಯ ಆಡುಮಾತಿನಲ್ಲಿ ‘ಹಾಫ್ ಮರ್ಡರ್’ ಅಂತಾರಲ್ಲ, ಕೊಲೆ ಯತ್ನ, ಅದಕ್ಕೂ ಕೊಲೆಗೂ ನಡುವೆ ಎಷ್ಟೋ ಸಲ ಇರುವುದು ಒಂದು ಆ್ಯಂಬುಲೆನ್ಸ್. ಅಮೆರಿಕದಲ್ಲಿ ಆಂಟನಿ ಹ್ಯಾರಿಸ್ ಮತ್ತು ಸಂಗಡಿಗರು 1960ರಿಂದ 1999ರವರೆಗಿನ ಅಂಕಿಅಂಶ ತೆಗೆದು 2002ರಲ್ಲಿ ತೋರಿಸಿದ್ದು ಇದನ್ನೇ: ತುರ್ತು ಚಿಕಿತ್ಸೆ ಅಷ್ಟು ಸುಧಾರಿಸದೇ ಹೋಗಿದ್ದರೆ ಅಲ್ಲಿ ಕೊಲೆಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿರುತ್ತಿತ್ತು. ಈಗ ಜುಲೈ ತಿಂಗಳ ಒಂದು ರಾತ್ರಿ ಯೋಚಿಸಿ. ತೋಟದ ಒಳಗಿನ ಲೈನ್ ಮನೆ. ಕುಡಿದ ಮತ್ತಿನಲ್ಲಿ ಮಾತಿಗೆ ಮಾತು ಬೆಳೆದು ಒಬ್ಬ ಮರ ಸವರುವ ಕತ್ತಿಯನ್ನೇ ಬೀಸಿದ. ನೆಟ್‌ವರ್ಕ್ ಇಲ್ಲ, ಕರೆಂಟು ಹೋಗಿ ಎರಡು ದಿನ. ಜೀಪು ಹುಡುಕಿ, ಮಣ್ಣಿನ ದಾರಿ ದಾಟಿ, ಮಡಿಕೇರಿ ತಲುಪಿ, ಅಲ್ಲಿಂದ ಮೈಸೂರಿಗೆ ಎಂದರೆ ಮತ್ತೆ 120 ಕಿಲೋಮೀಟರ್. ಅದೇ ಗಾಯ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಮಗ್ಗುಲಲ್ಲಿ ಆಗಿದ್ದರೆ ಆತ ಉಳಿಯುತ್ತಿದ್ದನೇನೋ, ಪ್ರಕರಣ ಬೇರೆ ಸೆಕ್ಷನ್ನಿಗೆ ಹೋಗುತ್ತಿತ್ತು. ಕೊಲೆ ಪ್ರಮಾಣ ಹೆಚ್ಚಿರುವ ಕಡೆ ಜನ ಹೆಚ್ಚು ಕ್ರೂರಿಗಳು ಎಂದು ತೀರ್ಮಾನಿಸುವ ಮುನ್ನ ಅದೇ ಜಿಲ್ಲೆಯ ಕೊಲೆ ಯತ್ನದ ಸಂಖ್ಯೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನು ಕೋವಿ. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಹಾಗಂತ ಕೊಡಗಿನ ಮನೆಮನೆಯಲ್ಲೂ ಕೋವಿ ಇಲ್ಲ. ಜಿಲ್ಲೆಯ ಜನರಲ್ಲಿ ಈ ವಿನಾಯಿತಿಯ ಹೊರಗಿನವರೇ ಹೆಚ್ಚು. ಕೋವಿ ಇರುವ ಜಿಲ್ಲೆಯಲ್ಲಿ ಕೊಲೆ ಆಯಿತು ಎನ್ನುವುದಕ್ಕೂ ಕೋವಿಯಿಂದ ಕೊಲೆ ಆಯಿತು ಎನ್ನುವುದಕ್ಕೂ ಅಜಗಜಾಂತರ. ಜಿಲ್ಲೆಯ ಸರಾಸರಿ ಯಾವ ಮನೆಯ ಬಾಗಿಲನ್ನೂ ತೆರೆದು ತೋರಿಸುವುದಿಲ್ಲ. ಈ ಮಾತು ನಿಮ್ಮ ಗುಂಪಿನ ಎರಡನೆಯವರಿಗೂ ಅಷ್ಟೇ ಅನ್ವಯ: ಒಂದು ವರ್ಷ ಸಂಖ್ಯೆ ಇಳಿದರೆ ಅದು ಕೋವಿಯ ಮಹಿಮೆ ಅಲ್ಲ.

ಹೋಲಿಸಲೇಬೇಕು ಅಂದರೆ ಬೆಂಗಳೂರನ್ನು ಬಿಟ್ಟು ಚಿಕ್ಕಮಗಳೂರು, ವಯನಾಡುಗಳನ್ನು ತೆಗೆದುಕೊಳ್ಳಿ. ಅಲ್ಲೂ ಕಾಫಿ, ಅಲ್ಲೂ ಬೆಟ್ಟ, ಮಳೆ, ಲೈನ್ ಮನೆ. ಕೋವಿಯ ವಿನಾಯಿತಿ ಮಾತ್ರ ಇಲ್ಲ. ಐದು ಅಥವಾ ಹತ್ತು ವರ್ಷದ ಮೊತ್ತ ಇರಲಿ. ಆಮೇಲೆ ಎಫ್‌ಐಆರ್‌ಗಳನ್ನೇ ಓದಿ. ಅವು ಕರ್ನಾಟಕ ಪೊಲೀಸರ ಜಾಲತಾಣದಲ್ಲಿ ನೋಡಲು ಸಿಗುತ್ತವೆ. ಬೆಂಗಳೂರಿಗೆ ಈ ಕೆಲಸ ಆಗಹೋಗದ ಮಾತು. ಕೊಡಗಿಗೆ ಮೇಲಿನ ಅಂದಾಜಿನಂತೆ ಐದು ವರ್ಷಕ್ಕೆ ಅರವತ್ತರ ಆಸುಪಾಸು. ಹೊಡೆದದ್ದು ಕೋವಿಯಿಂದಲೋ ಕತ್ತಿಯಿಂದಲೋ ಸೌದೆಯಿಂದಲೋ, ಸತ್ತವರಿಗೂ ಕೊಂದವರಿಗೂ ಏನು ನಂಟು, ಜಗಳ ಜಾಗದ್ದೋ ಕುಡಿತದ್ದೋ ಸಂಸಾರದ್ದೋ, ಗಾಯಾಳುವನ್ನು ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಸೇರಿಸಿದರು, ಇಷ್ಟನ್ನು ಒಂದು ನೋಟ್ ಪುಸ್ತಕದಲ್ಲಿ ಕಾಲಮ್ಮು ಹಾಕಿ ಬರೆದುಕೊಂಡು ಹೋಗಬಹುದು.